ಪ್ಲೇಗ್ ಲಸಿಕೆಯ ಹಾಫ್ಕಿನ್: ಮೊದಲ ಸೂಜಿ ಚುಚ್ಚಿಕೊಂಡಿದ್ದು ತನಗೇ

2021ರ ಮೇ ತಿಂಗಳು ನಿಮಗೆ ನೆನಪಿರಬಹುದು. ಕೊರೊನಾದ ಎರಡನೇ ಅಲೆ. ಒಂದು ಕಡೆ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಇನ್ನೊಂದು ಕಡೆ ಮೊಬೈಲ್‌ನಲ್ಲಿ ಒಂದರ ಹಿಂದೆ ಒಂದು ಫಾರ್ವರ್ಡ್. ಅದರಲ್ಲಿ ಒಂದಂತೂ ಬಹುತೇಕ ಎಲ್ಲರ ಫೋನಿಗೂ ಬಂದಿತ್ತು. ಲಸಿಕೆ ಹಾಕಿಸಿಕೊಂಡವರೆಲ್ಲ ಎರಡೇ ವರ್ಷದಲ್ಲಿ ಸಾಯುತ್ತಾರೆ, ನೊಬೆಲ್ ಪಡೆದ ವಿಜ್ಞಾನಿಯೇ ಹೀಗೆ ಹೇಳಿದ್ದಾರೆ ಎಂಬ ಸಂದೇಶ. ಆ ವಿಜ್ಞಾನಿ ಹಾಗೆ ಹೇಳಿರಲಿಲ್ಲ. ಆ ಎರಡು ವರ್ಷ ಕಳೆದು ಈಗ ಬಹಳ ಕಾಲವಾಯಿತು. ಅದನ್ನು ಕಳಿಸಿದವರೂ ಇದ್ದಾರೆ, ಓದಿ ಹೆದರಿದವರೂ ಇದ್ದಾರೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಜನರನ್ನು ಮಾತಾಡಿಸಿದಾಗ ನಮಗೆ ಇನ್ನೊಂದು ವಿಷಯ ಗೊತ್ತಾಯಿತು. ಲಸಿಕೆ ಬೇಡ ಎಂದವರೆಲ್ಲ ಇಂಥ ಸಂದೇಶಗಳನ್ನು ನಂಬಿದವರಲ್ಲ. ಜ್ವರ ಬಂದರೆ ಎರಡು ದಿನ ಮಗ್ಗ ನಿಲ್ಲುತ್ತದೆ, ಕೂಲಿ ಹೋಗುತ್ತದೆ ಎನ್ನುವುದು ಕೆಲವರ ಚಿಂತೆ. ಇಷ್ಟು ಬೇಗ ತಯಾರಾದ ಔಷಧಿಯನ್ನು ಹೇಗೆ ನಂಬುವುದು ಎನ್ನುವುದು ಇನ್ನು ಕೆಲವರ ಪ್ರಶ್ನೆ. ಹಾಕಿಸಿಕೊಂಡವರಿಗೆ ಏನಾದರೂ ಆದರೆ ಯಾರು ಹೊಣೆ ಎಂದು ಕೇಳಿದವರೂ ಇದ್ದರು. ಇವು ಮೂರ್ಖ ಪ್ರಶ್ನೆಗಳಲ್ಲ, ಹೊಸವೂ ಅಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ, ಇನ್ನೊಂದು ಮಹಾಮಾರಿಯ ಕಾಲದಲ್ಲಿ, ಇದೇ ಪ್ರಶ್ನೆಗಳು ಎದ್ದಿದ್ದವು. ಆಗ ಅವಕ್ಕೆ ಉತ್ತರ ಕೊಡಬೇಕಾಗಿ ಬಂದಿದ್ದು ಒಬ್ಬ ವಿಜ್ಞಾನಿಗೆ. ಅವರ ಹೆಸರು ವಾಲ್ದೆಮಾರ್ ಹಾಫ್ಕಿನ್.

ಪ್ಲೇಗ್ ಬಂದ ದಾರಿ

1896ರಲ್ಲಿ ಮುಂಬೈಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ತೊಡೆಸಂದಿ, ಕಂಕುಳು, ಕುತ್ತಿಗೆಯಲ್ಲಿ ಗಂಟು ಏಳುವುದು, ಸುಡುವ ಜ್ವರ, ಕೆಲವೇ ದಿನಗಳಲ್ಲಿ ಸಾವು. ಮುಂದಿನ ಕೆಲವು ದಶಕಗಳಲ್ಲಿ ಈ ರೋಗಕ್ಕೆ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಬಲಿಯಾದರು.

ಇವತ್ತಿನ ಬಾಗಲಕೋಟೆ ಜಿಲ್ಲೆ ಆಗ ಇರಲಿಲ್ಲ. ಅದು ಆಗಿದ್ದು 1997ರಲ್ಲಿ. ಅಂದು ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ವಿಜಾಪುರ ಜಿಲ್ಲೆಯಲ್ಲಿದ್ದವು, ವಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಕಾನೂನು ಬರುತ್ತಿದ್ದುದು ಮುಂಬೈಯಿಂದ. ಸದರ್ನ್ ಮರಾಠಾ ರೈಲು ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿ ದಾಟಿ ಗದಗಕ್ಕೆ ಹೋಗುತ್ತಿತ್ತು. ಹುನಗುಂದ, ಇಳಕಲ್‌ಗೆ ರೈಲು ಇರಲಿಲ್ಲ, ಆದರೆ ಚಕ್ಕಡಿಗಳಿದ್ದವು, ಸೀರೆ ವ್ಯಾಪಾರವಿತ್ತು. ಪ್ಲೇಗ್ ಹರಡುವುದು ಇಲಿಗಳಿಂದ, ಇಲಿಯ ಮೈಮೇಲಿನ ಚಿಗಟಗಳಿಂದ. ಕಾಳಿನ ಚೀಲ, ಅರಿವೆಯ ಗಂಟು ಹೋದಲ್ಲೆಲ್ಲ ಅವೂ ಹೋಗುತ್ತವೆ. ಒಂದೆರಡು ವರ್ಷಗಳಲ್ಲೇ ರೋಗ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಬೆಂಗಳೂರು ತಲುಪಿತು. ವಿಜಾಪುರ ಜಿಲ್ಲೆಯನ್ನೂ ಬಿಡಲಿಲ್ಲ. ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು ಎಂಬ ಮಾತನ್ನು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಿರಿಯರಿಂದ ಇಂದಿಗೂ ಕೇಳಬಹುದು. ಆಗ ಆ್ಯಂಟಿಬಯೋಟಿಕ್ ಇರಲಿಲ್ಲ. ಊರು ಬಿಡುವುದೇ ಔಷಧಿ.

ಈ ಸ್ಥಿತಿಯಲ್ಲಿ ಒಂದು ಲಸಿಕೆ ಬಂತು.

ಒಡೆಸ್ಸಾದ ಹುಡುಗ

ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದಲ್ಲಿತ್ತು, ಈಗ ಉಕ್ರೇನ್‌ನಲ್ಲಿದೆ. ಅವರದು ಯಹೂದಿ ಕುಟುಂಬ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಅವರಿಗೆ ಪಾಠ ಹೇಳಿದವರು ಇಲ್ಯಾ ಮೆಚ್ನಿಕಾಫ್. ಮುಂದೆ ರೋಗನಿರೋಧಕ ಶಕ್ತಿಯ ಸಂಶೋಧನೆಗೆ ನೊಬೆಲ್ ಪಡೆದ ವಿಜ್ಞಾನಿ.

ಆ ಕಾಲದ ರಷ್ಯಾದಲ್ಲಿ ಯಹೂದಿಗಳ ಮೇಲೆ ಗುಂಪು ದಾಳಿಗಳು ನಡೆಯುತ್ತಿದ್ದವು. ಒಡೆಸ್ಸಾದಲ್ಲಿ ದಾಳಿಯಾದಾಗ ತಮ್ಮ ಜನರ ರಕ್ಷಣೆಗೆ ನಿಂತ ಯುವಕರಲ್ಲಿ ಹಾಫ್ಕಿನ್ ಕೂಡ ಇದ್ದರು. ಬಂಧನವೂ ಆಯಿತು. ಧರ್ಮ ಬದಲಿಸಿದರೆ ಅಧ್ಯಾಪಕರ ಹುದ್ದೆ ಸಿಗುತ್ತಿತ್ತು, ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಒಂದು ಕೆಲಸ ಸಿಕ್ಕಿತು. ವಿಜ್ಞಾನಿಯ ಕೆಲಸವಲ್ಲ, ಗ್ರಂಥಾಲಯದ ಸಹಾಯಕನ ಕೆಲಸ. ಪುಸ್ತಕ ಜೋಡಿಸಿಟ್ಟು, ಉಳಿದ ಹೊತ್ತಿನಲ್ಲಿ ಪ್ರಯೋಗಾಲಯದಲ್ಲಿ ಕೂರುತ್ತಿದ್ದರು.

ಆ ಉಳಿದ ಹೊತ್ತಿನಲ್ಲೇ ಅವರು ಕಾಲರಾಕ್ಕೆ ಲಸಿಕೆ ತಯಾರಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ಚುಚ್ಚಿಕೊಂಡಿದ್ದು ತಮಗೇ. ಜ್ವರ ಬಂತು, ಇಳಿಯಿತು. ಆದರೆ ಯುರೋಪಿನ ಹಿರಿಯ ವಿಜ್ಞಾನಿಗಳು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಒಬ್ಬ ಆರೋಗ್ಯವಂತ ಬದುಕುಳಿದ ಮಾತ್ರಕ್ಕೆ ಲಸಿಕೆ ಕೆಲಸ ಮಾಡುತ್ತದೆ ಎಂದು ಹೇಳಲಾಗುವುದಿಲ್ಲ. ರೋಗ ಇರುವ ಊರಿನಲ್ಲಿ, ರೋಗ ಬರಬಹುದಾದ ಜನರ ನಡುವೆ ಅದನ್ನು ತೋರಿಸಬೇಕು. ಹಾಗಾಗಿ 1893ರಲ್ಲಿ ಅವರು ಭಾರತಕ್ಕೆ ಬಂದರು.

ಕೋಲ್ಕತ್ತದ ಕಲ್ಲೇಟು

1894ರಲ್ಲಿ ಕೋಲ್ಕತ್ತದ ಬಡ ಬಸ್ತಿಗಳಲ್ಲಿ ಕಾಲರಾ ಇತ್ತು. ಸೂಜಿ ಹಿಡಿದು ಬಂದ ಪರದೇಶಿಯನ್ನು ಕಂಡು ಜನ ಕಲ್ಲು ಎಸೆದರು. ಅವರ ಜಾಗದಲ್ಲಿ ನಾವಿದ್ದರೂ ಅನುಮಾನ ಪಡುತ್ತಿದ್ದೆವೇನೋ. ಸರ್ಕಾರ ಪರದೇಶಿಯರದು, ಔಷಧಿ ಪರದೇಶಿಯರದು, ಅದರೊಳಗೆ ಏನಿದೆ ಗೊತ್ತಿಲ್ಲ.

ಹಾಫ್ಕಿನ್ ಪೊಲೀಸರನ್ನು ಕರೆಸಲಿಲ್ಲ. ಅವರ ಜೊತೆ ಭಾರತೀಯ ವೈದ್ಯರಿದ್ದರು. ಜನರ ಕಣ್ಣೆದುರೇ ಅವರು ಒಬ್ಬರಿಗೊಬ್ಬರು ಲಸಿಕೆ ಚುಚ್ಚಿಕೊಂಡರು. ಜನ ನೋಡಿದರು, ಗುಸುಗುಸು ಮಾತಾಡಿದರು, ಆಮೇಲೆ ಕೆಲವರು ಮುಂದೆ ಬಂದರು. ಎಲ್ಲರೂ ಅಲ್ಲ. ಒಂದು ಬಸ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಹಾಕಿಸಿಕೊಂಡರು, ಉಳಿದವರು ಹಾಕಿಸಿಕೊಳ್ಳಲಿಲ್ಲ. ಆಮೇಲೆ ಅಲ್ಲಿ ಕಾಲರಾ ಬಂದಿದ್ದು ಹಾಕಿಸಿಕೊಳ್ಳದವರಿಗೆ.

ಇಲ್ಲಿ ಗಮನಿಸಬೇಕಾದದ್ದು ಹೋಲಿಕೆ. ಒಂದೇ ಬಸ್ತಿ, ಒಂದೇ ಕೆರೆಯ ನೀರು. ಹಾಕಿಸಿಕೊಂಡವರು ಎಷ್ಟು, ಹಾಕಿಸಿಕೊಳ್ಳದವರು ಎಷ್ಟು, ಯಾರಿಗೆ ರೋಗ ಬಂತು. ಹಾಫ್ಕಿನ್ ಜೀವನವಿಡೀ ಈ ಲೆಕ್ಕ ಇಡುತ್ತಲೇ ಹೋದರು. ಇಂದು ಯಾವುದೇ ಲಸಿಕೆಯನ್ನು ಪರೀಕ್ಷಿಸುವಾಗ ಹಾಕಿಸಿಕೊಂಡವರ ಗುಂಪು, ಹಾಕಿಸಿಕೊಳ್ಳದವರ ಗುಂಪು ಎಂದು ಎರಡು ಮಾಡುತ್ತಾರಲ್ಲ, ಅದರ ಆರಂಭದ ಹೆಜ್ಜೆಗಳಲ್ಲಿ ಇದೂ ಒಂದು.

ತುಪ್ಪದ ಹನಿ, ಆಡಿನ ಮಾಂಸದ ಸಾರು

1896ರ ಅಕ್ಟೋಬರ್‌ನಲ್ಲಿ ಸರ್ಕಾರ ಅವರನ್ನು ಮುಂಬೈಗೆ ಕರೆಸಿತು. ಕೊಟ್ಟಿದ್ದು ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆ, ಒಂದು ಪಡಸಾಲೆ, ಕೆಲವೇ ಸಹಾಯಕರು. ಹಗಲು ರಾತ್ರಿ ಕೆಲಸ ನಡೆಯಿತು. ಒಬ್ಬ ಸಹಾಯಕನ ಮನಸ್ಸಿನ ಆರೋಗ್ಯ ಕೆಟ್ಟಿತು, ಇಬ್ಬರು ಕೆಲಸ ಬಿಟ್ಟರು. ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು.

ಅದರ ತಯಾರಿ ಸರಳವಾಗಿ ಹೀಗಿತ್ತು. ಪ್ಲೇಗ್ ರೋಗಾಣುವನ್ನು ಮಾಂಸದ ಸಾರಿನಲ್ಲಿ ಬೆಳೆಸಬೇಕು. ದನದ ಅಥವಾ ಹಂದಿಯ ಮಾಂಸ ಬಳಸಿದರೆ ಇಲ್ಲಿನ ಹಿಂದೂಗಳಿಗೋ ಮುಸ್ಲಿಮರಿಗೋ ನೋವಾಗುತ್ತದೆ. ಅದಕ್ಕೆ ಅವರು ಆಡಿನ ಮಾಂಸ ಬಳಸಿದರು. ಸಾರಿನ ಮೇಲೆ ಕೆಲವು ಹನಿ ತುಪ್ಪ ಬಿಡುತ್ತಿದ್ದರು. ತೇಲುವ ತುಪ್ಪಕ್ಕೆ ಅಂಟಿಕೊಂಡು ರೋಗಾಣುಗಳು ಎಳೆ ಎಳೆಯಾಗಿ ಕೆಳಗೆ ಜೋತುಬೀಳುತ್ತಾ ಬೆಳೆಯುತ್ತಿದ್ದವು. ಚೆನ್ನಾಗಿ ಬೆಳೆದ ಮೇಲೆ ಕಾಯಿಸಿ ಅವನ್ನು ಕೊಲ್ಲುತ್ತಿದ್ದರು. ಸತ್ತ ರೋಗಾಣುವಿನಿಂದ ರೋಗ ಬರುವುದಿಲ್ಲ. ಆದರೆ ನಮ್ಮ ದೇಹ ಅದನ್ನು ಗುರುತು ಹಿಡಿದು, ನಿಜವಾದ ರೋಗಾಣು ಬಂದಾಗ ಹೋರಾಡಲು ತಯಾರಾಗುತ್ತದೆ. ಲಸಿಕೆಯಾದ ಮೇಲೆ ಬರುವ ಒಂದೆರಡು ದಿನದ ಜ್ವರ, ಮೈಕೈ ನೋವು ಈ ತಯಾರಿಯ ಗುರುತು.

1897ರ ಜನವರಿ 10ರಂದು ಹಾಫ್ಕಿನ್ ಅದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಬೇರೆಯವರಿಗೆ ಕೊಡಬೇಕೆಂದಿದ್ದ ಪ್ರಮಾಣಕ್ಕಿಂತ ಹೆಚ್ಚು, 10 ಸಿಸಿ. ಜೋರು ಜ್ವರ ಬಂತು, ಕೆಲವು ದಿನಗಳಲ್ಲಿ ಸರಿಹೋಯಿತು. ಅದೇ ತಿಂಗಳು ಬೈಕುಲಾ ಜೈಲಿನಲ್ಲಿ ಪ್ಲೇಗ್ ಬಂದಾಗ ಮುಂದೆ ಬಂದ ಕೈದಿಗಳಿಗೆ ಲಸಿಕೆ ಕೊಟ್ಟರು. ಲಸಿಕೆ ಪಡೆದ ಗುಂಪಿನಲ್ಲಿ ರೋಗವೂ ಸಾವೂ ಬಹಳ ಕಡಿಮೆಯಾದವು. ಕೈದಿಗಳ ಮೇಲೆ ಇಂಥ ಪ್ರಯೋಗವನ್ನು ಇಂದಿನ ನಿಯಮಗಳು ಸುಲಭಕ್ಕೆ ಒಪ್ಪುವುದಿಲ್ಲ. ಜೈಲಿನಲ್ಲಿರುವವರ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವಂತ ಒಪ್ಪಿಗೆ ಎಂಬ ಪ್ರಶ್ನೆ ಇದ್ದೇ ಇದೆ.

ಇನ್ನೂ ಸ್ಪಷ್ಟವಾದ ಲೆಕ್ಕ ಸಿಕ್ಕಿದ್ದು 1898ರಲ್ಲಿ, ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ. ಅಲ್ಲಿ ಪ್ರತಿ ಮನೆಯಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಲಸಿಕೆ ಕೊಟ್ಟರು. ಆಮೇಲೆ ಪ್ಲೇಗ್ ಹೊಕ್ಕ ಮನೆಗಳ ಲೆಕ್ಕ ನೋಡಿದರು. ಲಸಿಕೆ ಪಡೆಯದ 64 ಜನರಲ್ಲಿ 27 ಜನರಿಗೆ ಪ್ಲೇಗ್ ಬಂತು, ಅವರಲ್ಲಿ 26 ಜನ ಸತ್ತರು. ಲಸಿಕೆ ಪಡೆದ 71 ಜನರಲ್ಲಿ 8 ಜನರಿಗೆ ಬಂತು, 3 ಜನ ಸತ್ತರು. ಒಂದೇ ಸೂರು, ಒಂದೇ ಅಡುಗೆ, ಅವೇ ಇಲಿಗಳು.

ಈ ಲೆಕ್ಕವನ್ನು ಎರಡು ಸಲ ಓದಿ. ಲಸಿಕೆ ಪಡೆದವರಲ್ಲೂ 3 ಜನ ಸತ್ತಿದ್ದಾರೆ. ಇಂದಿನ ಫಾರ್ವರ್ಡ್ ಬರೆಯುವವರ ಕೈಗೆ ಇದು ಸಿಕ್ಕಿದ್ದರೆ ಲಸಿಕೆ ಪಡೆದರೂ ಮೂವರ ಸಾವು ಎಂದಷ್ಟೇ ಬರೆಯುತ್ತಿದ್ದರು. ಅದು ಸುಳ್ಳೂ ಅಲ್ಲ. ಆದರೆ ಆ ಇನ್ನೊಂದು ಗುಂಪಿನ 26 ಸಾವುಗಳನ್ನು ಬಿಟ್ಟು ಹೇಳಿದರೆ ಓದುವವರಿಗೆ ಸತ್ಯ ತಲುಪುವುದಿಲ್ಲ.

ಜನ ಹೆದರಿದ್ದು ಯಾಕೆ?

ಆಗಲೂ ವದಂತಿಗಳಿಗೆ ಬರವಿರಲಿಲ್ಲ. ಸೂಜಿ ಒಂದು ಗಜ ಉದ್ದವಿದೆ, ಚುಚ್ಚಿದರೆ ಗಂಡಸರ ಶಕ್ತಿ ಹೋಗುತ್ತದೆ, ಹೆಂಗಸರಿಗೆ ಮಕ್ಕಳಾಗುವುದಿಲ್ಲ, ಲಸಿಕೆ ಪಡೆದ ದೊಡ್ಡ ಅಧಿಕಾರಿಯೇ ಅರ್ಧ ಗಂಟೆಯಲ್ಲಿ ಸತ್ತ, ಆಸ್ಪತ್ರೆಗೆ ಒಯ್ದವರ ದೇಹದಿಂದ ಎಣ್ಣೆ ತೆಗೆಯುತ್ತಾರೆ. ಮಕ್ಕಳಾಗುವುದಿಲ್ಲ ಎಂಬುದು 2021ರಲ್ಲೂ ಹೆಚ್ಚೂಕಡಿಮೆ ಅದೇ ರೂಪದಲ್ಲಿ ವಾಪಸ್ ಬಂತು. ಆಗಲೂ ಅದು ಸುಳ್ಳು, ಈಗಲೂ ಸುಳ್ಳು.

ಆದರೆ ಜನರ ಭಯಕ್ಕೆ ಕಾರಣ ವದಂತಿಯೊಂದೇ ಆಗಿರಲಿಲ್ಲ. 1897ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. 2020ರಲ್ಲಿ ಕೊರೊನಾ ಬಂದಾಗ ನಮ್ಮ ಸರ್ಕಾರಗಳು ಬಳಸಿದ್ದೂ ಅದೇ ಹಳೆಯ ಕಾಯ್ದೆಯನ್ನು. ಅದರಡಿ ಅಧಿಕಾರಿಗಳು ಮನೆಗೆ ನುಗ್ಗಿ ಹುಡುಕಬಹುದಿತ್ತು, ರೋಗಿಯನ್ನು ಎಳೆದೊಯ್ಯಬಹುದಿತ್ತು, ಸಾಮಾನು ಸುಡಬಹುದಿತ್ತು. ಪುಣೆಯಲ್ಲಿ ಸೈನಿಕರು ಅಡುಗೆಮನೆ, ದೇವರಮನೆಗಳಿಗೂ ಹೊಕ್ಕರು. ಅದೇ ವರ್ಷ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಮೈಸೂರು ಸಂಸ್ಥಾನದಲ್ಲೂ 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯಾಯಿತು.

ಬಾಗಿಲು ಒದ್ದು ಬಂದವರ ಕೈಯಲ್ಲಿ ಸೂಜಿಯೂ ಇದ್ದರೆ, ಸೂಜಿಯನ್ನು ನಂಬುವುದು ಹೇಗೆ? ಹಾಫ್ಕಿನ್ ಲಸಿಕೆಯನ್ನು ಒತ್ತಾಯದಿಂದ ಕೊಡುತ್ತಿರಲಿಲ್ಲ. ಆದರೆ ಜನರ ಕಣ್ಣಿಗೆ ಸರ್ಕಾರದ ಸಿಪಾಯಿಯೂ ಲಸಿಕೆಯ ಡಾಕ್ಟರೂ ಒಂದೇ ಆಗಿದ್ದರು.

ಈ ಗೋಡೆ ಒಡೆದಿದ್ದು ಜನರ ನಡುವಿನವರೇ ಮುಂದೆ ಬಂದಾಗ. ಮುಂಬೈಯಲ್ಲಿ ಖೋಜಾ ಮುಸ್ಲಿಮರ ಧರ್ಮಗುರು ಮೂರನೇ ಆಗಾ ಖಾನ್ ಎಲ್ಲರೆದುರು ಲಸಿಕೆ ಚುಚ್ಚಿಸಿಕೊಂಡರು, ಪ್ರಯೋಗಾಲಯಕ್ಕೆ ತಮ್ಮದೊಂದು ಕಟ್ಟಡವನ್ನೂ ಬಿಟ್ಟುಕೊಟ್ಟರು. ಅವರ ಸಮುದಾಯದ ಸಾವಿರಾರು ಜನ ಲಸಿಕೆ ಪಡೆದರು.

ಹುಬ್ಬಳ್ಳಿಯಲ್ಲಿ ನಡೆದಿದ್ದು

ನಮ್ಮ ಭಾಗದ ದೊಡ್ಡ ಕಥೆ ಹುಬ್ಬಳ್ಳಿಯದು. 1898ರ ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೆ ಅಲ್ಲಿ ಪ್ಲೇಗ್ ಉರಿಯಿತು. ಸುಮಾರು ಐವತ್ತು ಸಾವಿರ ಜನರ ಊರು. ಲಾಯ್‌ಮನ್ ಎಂಬ ಸೇನಾ ವೈದ್ಯರ ನೇತೃತ್ವದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಕೊಡಲಾಯಿತು. ರೈಲ್ವೆ ಕೆಲಸಗಾರರು, ಗಿರಣಿ ಕೆಲಸಗಾರರು, ವ್ಯಾಪಾರಿಗಳು ಎಲ್ಲರೂ ಅದರಲ್ಲಿದ್ದರು. ಧಾರವಾಡ, ಗದಗಗಳಲ್ಲೂ ಲಸಿಕೆ ನಡೆಯಿತು. ಲಸಿಕೆ ಪಡೆದವರಿಗೆ ಸರ್ಟಿಫಿಕೇಟ್ ಸಿಗುತ್ತಿತ್ತು, ಅದಿದ್ದರೆ ಕೆಲವು ನಿರ್ಬಂಧಗಳಿಂದ ವಿನಾಯಿತಿ ಇತ್ತು. ಕೊರೊನಾ ಸರ್ಟಿಫಿಕೇಟ್ ಫೋನಿನಲ್ಲಿ ಇಟ್ಟುಕೊಂಡು ಓಡಾಡಿದ ನಮಗೆ ಇದು ಅಪರಿಚಿತವೇನಲ್ಲ.

ಹುಬ್ಬಳ್ಳಿಯ ಅಂಕಿಗಳು ಲಸಿಕೆಯ ಪರವಾಗಿದ್ದವು. ಆದರೂ ಸರ್ಕಾರ ನೇಮಿಸಿದ ಭಾರತೀಯ ಪ್ಲೇಗ್ ಆಯೋಗ ಅವನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಎಡಿನ್‌ಬರೋದ ಪ್ರೊಫೆಸರ್ ಫ್ರೇಸರ್ ಅದರ ಅಧ್ಯಕ್ಷರು. ಲಸಿಕೆ ಪಡೆಯದವರು ದಿನೇ ದಿನೇ ಕಡಿಮೆಯಾಗುತ್ತಿದ್ದಾಗ ಅವರ ಸಂಖ್ಯೆಯನ್ನು ಸರಿಯಾಗಿ ಎಣಿಸಿದ್ದೀರಾ, ಮುಚ್ಚಿಟ್ಟ ಸಾವುಗಳ ಲೆಕ್ಕ ಹೇಗೆ, ಪ್ರತಿ ಬಾಟಲಿಯ ಶಕ್ತಿ ಒಂದೇ ಸಮ ಇದೆಯೇ ಎಂದೆಲ್ಲ ಆಯೋಗ ಕೇಳಿತು. ಕೊನೆಗೆ ಅದು ತಲುಪಿದ ತೀರ್ಮಾನ ಇಷ್ಟು: ಲಸಿಕೆ ರೋಗವನ್ನೂ ಸಾವನ್ನೂ ಗಣನೀಯವಾಗಿ ಕಡಿಮೆ ಮಾಡುತ್ತದೆ, ಆದರೆ ಪೂರ್ತಿ ರಕ್ಷಣೆ ಕೊಡುವುದಿಲ್ಲ, ರಕ್ಷಣೆ ಬಹಳ ಕಾಲ ಉಳಿಯುವುದೂ ಇಲ್ಲ, ತಯಾರಿಕೆ ಇನ್ನಷ್ಟು ಶಿಸ್ತಾಗಬೇಕು.

ಪ್ರಶ್ನೆ ಕೇಳಿದ ಕಾರಣಕ್ಕೆ ಆ ಆಯೋಗವನ್ನು ಲಸಿಕೆ ವಿರೋಧಿ ಎನ್ನಲಾಗದು. ಅದು ಲೆಕ್ಕ ಕೇಳಿತು, ಲೆಕ್ಕ ನೋಡಿತು, ನೋಡಿದ ಮೇಲೆ ಅಭಿಪ್ರಾಯ ಹೇಳಿತು.

1899ರಲ್ಲಿ ಹಾಫ್ಕಿನ್ ಅವರ ಪ್ರಯೋಗಾಲಯ ಮುಂಬೈಯ ಪರೇಲ್‌ನಲ್ಲಿದ್ದ ಹಳೆಯ ಗವರ್ನರ್ ಬಂಗಲೆಗೆ ಬಂತು. ಅವರ ಹೆಸರು ಲೋಕಕ್ಕೆ ಗೊತ್ತಾಗಿತ್ತು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಮುಲ್ಕೋವಾಲ್ ನಡೆಯಿತು.

19 ಸಾವು

1902ರಲ್ಲಿ ಪಂಜಾಬಿನಲ್ಲಿ ಪ್ಲೇಗ್ ಜೋರಾಗಿತ್ತು. ಲಕ್ಷಗಟ್ಟಲೆ ಡೋಸ್ ಬೇಕು ಎಂದು ಅಲ್ಲಿನ ಸರ್ಕಾರ ಕೇಳಿತು. ಬೇಗ ತಯಾರಿಸಲು ಹಾಫ್ಕಿನ್ ವಿಧಾನ ಬದಲಿಸಿದರು. ಲಸಿಕೆ ಕೆಡದಂತೆ ಮೊದಲು ಸೇರಿಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಶಾಖದಿಂದಲೇ ಶುದ್ಧ ಮಾಡುವ ಕ್ರಮ ಹಿಡಿದರು. ಪಾಶ್ಚರ್ ಸಂಸ್ಥೆಯಲ್ಲಿ ಆ ಕ್ರಮ ಬಳಕೆಯಲ್ಲಿತ್ತು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಕೊಟ್ಟರು. ಐದು ಬಾಟಲಿ ಬಳಸಿದ್ದರು. ಅದರಲ್ಲಿ 53ಎನ್ ಎಂಬ ಗುರುತಿನ ಒಂದು ಬಾಟಲಿಯಿಂದ ಲಸಿಕೆ ಪಡೆದ 19 ಜನರಿಗೆ ಕೆಲವು ದಿನಗಳಲ್ಲಿ ಧನುರ್ವಾಯು ಬಂತು. 19 ಜನರೂ ಸತ್ತರು. ಬೇರೆ ನಾಲ್ಕು ಬಾಟಲಿಗಳಿಂದ ಪಡೆದವರಿಗೆ ಏನೂ ಆಗಲಿಲ್ಲ.

ಪ್ಲೇಗ್‌ನಿಂದ ಉಳಿಯಲೆಂದು ತಾವಾಗಿಯೇ ತೋಳು ಚಾಚಿದವರು ಅವರು. ಯಾವ ಅಂಕಿಸಂಖ್ಯೆಯೂ ಅವರ ಮನೆಯವರಿಗೆ ಸಮಾಧಾನ ಹೇಳಲಾರದು. ಆದರೆ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು. ಧನುರ್ವಾಯುವಿನ ರೋಗಾಣು ಬಾಟಲಿಗೆ ಸೇರಿದ್ದು ಎಲ್ಲಿ? ಮುಂಬೈಯ ಪ್ರಯೋಗಾಲಯದಲ್ಲೋ, ಮುಲ್ಕೋವಾಲ್‌ನಲ್ಲಿ ಮುಚ್ಚಳ ತೆಗೆಯುವಾಗಲೋ?

ಮುಂಬೈ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಲಾರೆನ್ಸ್ ಜೆಂಕಿನ್ಸ್ ನೇತೃತ್ವದಲ್ಲಿ ವಿಚಾರಣಾ ಆಯೋಗ ಕೂತಿತು. ತಪ್ಪು ಪ್ರಯೋಗಾಲಯದ್ದು ಎಂದು ಅದು ಹೇಳಿತು. ಕಾರ್ಬಾಲಿಕ್ ಆಮ್ಲ ಬಿಟ್ಟದ್ದೇ ಹಾಫ್ಕಿನ್ ಮೇಲಿನ ದೊಡ್ಡ ಆರೋಪ. ಅವರನ್ನು ಪ್ರಯೋಗಾಲಯದ ಹೊಣೆಯಿಂದ ಇಳಿಸಿ, ಸಂಬಳವಿಲ್ಲದ ರಜೆಯ ಮೇಲೆ ಕಳಿಸಲಾಯಿತು. 1904ರಲ್ಲಿ ಅವರು ಭಾರತ ಬಿಟ್ಟರು. ಆಯೋಗದ ದಾಖಲೆಗಳು ವರ್ಷಗಟ್ಟಲೆ ಹೊರಗೆ ಬರಲಿಲ್ಲ.

ಬಂದಾಗ ಓದಿದ ವಿಜ್ಞಾನಿಗಳಿಗೆ ಕೆಲವು ಸಂಗತಿಗಳು ಕಂಡವು. ಮುಲ್ಕೋವಾಲ್‌ನಲ್ಲಿ ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಕಾಯಿಸಿ ಶುದ್ಧ ಮಾಡದೆ, ಔಷಧಿ ನೀರಿನಲ್ಲಿ ಅದ್ದಿ ಮತ್ತೆ ಬಳಸಿದ್ದ. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ. ಇನ್ನೊಂದು ಸಂಗತಿ, ಬಾಟಲಿ ತೆರೆದ ವೈದ್ಯರಿಗೆ ಯಾವ ಕೆಟ್ಟ ವಾಸನೆಯೂ ಬಂದಿರಲಿಲ್ಲ. ಆ ರೋಗಾಣು ವಾರಗಟ್ಟಲೆ ಬಾಟಲಿಯೊಳಗೆ ಬೆಳೆದಿದ್ದರೆ ಗಬ್ಬು ವಾಸನೆ ಬರಲೇಬೇಕಿತ್ತು. ಅಂದರೆ ಅದು ಒಳಗೆ ಸೇರಿದ್ದು ಮುಂಬೈಯಲ್ಲಲ್ಲ, ಆ ದಿನ, ಆ ಹಳ್ಳಿಯಲ್ಲಿ.

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಈ ವಿಷಯ ಕೈಗೆತ್ತಿಕೊಂಡರು. 1907ರ ಜುಲೈನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹತ್ತು ವಿಜ್ಞಾನಿಗಳು ಸಹಿ ಹಾಕಿದ ಪತ್ರ ಬಂತು. ವರ್ಷದ ಕೊನೆಯ ಹೊತ್ತಿಗೆ ಹಾಫ್ಕಿನ್ ಮೇಲಿನ ಆರೋಪ ಬಿದ್ದುಹೋಯಿತು. ಸತ್ಯ ಹೊರಬರಲು ಐದು ವರ್ಷ ಬೇಕಾಯಿತು. ಈ ಐದು ವರ್ಷದಲ್ಲಿ ಪಂಜಾಬಿನ ಲಸಿಕೆ ಅಭಿಯಾನ ಕುಸಿದುಹೋಗಿತ್ತು, ಪ್ಲೇಗ್ ಮಾತ್ರ ಹೋಗಿರಲಿಲ್ಲ.

ಕೊನೆಯ ವರ್ಷಗಳು

ಹಾಫ್ಕಿನ್ ಭಾರತಕ್ಕೆ ವಾಪಸ್ ಬಂದರು. ಆದರೆ ಮುಂಬೈಯ ಹುದ್ದೆ ಬೇರೆಯವರಿಗೆ ಹೋಗಿತ್ತು. ಕೋಲ್ಕತ್ತದಲ್ಲಿ ಜಾಗ ಕೊಟ್ಟರು, ಜನರ ನಡುವೆ ಲಸಿಕೆ ಪರೀಕ್ಷಿಸುವ ಅವಕಾಶ ಕೊಡಲಿಲ್ಲ. ಕೆಲವು ವರ್ಷ ಅಲ್ಲಿದ್ದು ನಿವೃತ್ತರಾಗಿ ಯುರೋಪಿಗೆ ಮರಳಿದರು. ಮದುವೆಯಾಗಿರಲಿಲ್ಲ. 1925ರಲ್ಲಿ ಪರೇಲ್‌ನ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು, ಅದೇ ಇಂದಿನ ಹಾಫ್ಕಿನ್ ಸಂಸ್ಥೆ. 1897ರಿಂದ ಅಲ್ಲಿಯವರೆಗೆ ಮುಂಬೈಯಿಂದ ಹೊರಗೆ ಹೋದ ಪ್ಲೇಗ್ ಲಸಿಕೆ ಸುಮಾರು 2 ಕೋಟಿ 60 ಲಕ್ಷ ಡೋಸ್. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅವರು ತೀರಿಕೊಂಡರು. 1964ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿತು.

ಅವರ ಲಸಿಕೆ ಈಗ ಬಳಕೆಯಲ್ಲಿಲ್ಲ. ಪ್ಲೇಗ್‌ಗೆ ಇಂದು ಆ್ಯಂಟಿಬಯೋಟಿಕ್ ಇದೆ, ಬೇಗ ಗುರುತಿಸಿದರೆ ಗುಣವಾಗುತ್ತದೆ.

ಇದರಿಂದ ನಮಗೇನು?

ಲಸಿಕೆಯಿಂದ ಯಾರಿಗೂ ಎಂದೂ ತೊಂದರೆಯಾಗಿಲ್ಲ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಮುಲ್ಕೋವಾಲ್‌ನ 19 ಜನರನ್ನು ಮರೆತಂತೆ. ಕೋವಿಶೀಲ್ಡ್‌ನಲ್ಲೂ ರಕ್ತ ಹೆಪ್ಪುಗಟ್ಟುವ ಒಂದು ಅಪರೂಪದ ತೊಂದರೆ ಕಂಡುಬಂತು. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಸಮಿತಿಯೇ ಆ ಲೆಕ್ಕ ಹೊರಗಿಟ್ಟಿತ್ತು. ಆಗ ದಾಖಲಾಗಿದ್ದ ಪ್ರಕರಣಗಳ ಪ್ರಕಾರ ಹತ್ತು ಲಕ್ಷ ಡೋಸಿಗೆ 0.61. ಅದೇ ತಿಂಗಳು ಕೊರೊನಾದಿಂದ ದೇಶದಲ್ಲಿ ದಿನಕ್ಕೆ ಸಾವಿರಾರು ಜನ ಸಾಯುತ್ತಿದ್ದರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುವುದು, ತೆರೆದ ಬಾಟಲಿಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸುವುದು, ಒಮ್ಮೆ ಬಳಸಿದ ಸಿರಿಂಜ್ ಮತ್ತೆ ಬಳಸಲಾಗದಂತೆ ಮಾಡುವುದು, ತೊಂದರೆಯಾದರೆ ಬ್ಯಾಚ್ ನಂಬರ್ ಹಿಡಿದು ಹುಡುಕುವುದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಾಣುವ ಈ ಕ್ರಮಗಳ ಹಿಂದೆ ಇಂಥ ಅನಾಹುತಗಳಿಂದ ಕಲಿತ ಪಾಠವಿದೆ. ಸುರಕ್ಷತೆ ಬಗ್ಗೆ ಯಾರೂ ಪ್ರಶ್ನೆ ಕೇಳದೇ ಇದ್ದಿದ್ದರೆ ಇವು ಬರುತ್ತಿರಲಿಲ್ಲ.

ಹಾಗಾಗಿ ಪ್ರಶ್ನೆ ಕೇಳಿ. ಮುಂದಿನ ಸಲ ಲಸಿಕೆ ಹಾಕಿಸಿಕೊಂಡ ಇಷ್ಟು ಜನ ಸತ್ತರು ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದಾಗ ಅದಕ್ಕೂ ಕೇಳಿ. ಲಸಿಕೆ ಪಡೆದವರು ಒಟ್ಟು ಎಷ್ಟು? ಪಡೆಯದವರಲ್ಲಿ ಸತ್ತವರು ಎಷ್ಟು? ಸಾವಿಗೆ ಕಾರಣ ಲಸಿಕೆಯೇ ಎಂದು ಪರೀಕ್ಷಿಸಿದವರು ಯಾರು, ಆ ವರದಿ ಎಲ್ಲಿದೆ? ಉಂಧೇರಾದ ಲೆಕ್ಕದಲ್ಲಿ ಈ ಉತ್ತರಗಳಿದ್ದವು. ಮುಲ್ಕೋವಾಲ್‌ನ ವಿಚಾರಣೆಯಲ್ಲಿ ಅವು ಹೊರಬರಲು ಐದು ವರ್ಷ ಹಿಡಿಯಿತು.

ಮನೆಯ ಹಿರಿಯರು ಹೆದರಿದ್ದರೆ ನಗಬೇಡಿ, ಬೈಯಬೇಡಿ. ಹುನಗುಂದದ ಒಬ್ಬ ಅಜ್ಜಿ ನಮ್ಮ ಜೊತೆ ಮಾತಾಡುತ್ತಾ, ಮೊಮ್ಮಗ ಫೋನಿನಲ್ಲಿ ತೋರಿಸಿದ ಯಾವ ವಿಡಿಯೊ ನೋಡಿಯೂ ತನಗೆ ಧೈರ್ಯ ಬಂದಿರಲಿಲ್ಲ ಎಂದರು. ಪಕ್ಕದ ಮನೆಯಾಕೆ ಹಾಕಿಸಿಕೊಂಡು ಬಂದು, ಒಂದು ದಿನ ಜ್ವರದಲ್ಲಿ ಮಲಗಿ, ಮರುದಿನ ರೊಟ್ಟಿ ಬಡಿಯುತ್ತಾ ಕೂತದ್ದನ್ನು ಕಂಡ ಮೇಲೆ ತಾವೂ ಹೋದರಂತೆ. ಕೋಲ್ಕತ್ತದ ಬಸ್ತಿಯವರೂ ಹಾಗೇ ಮಾಡಿದ್ದರು. ನೀವು ಹಾಕಿಸಿಕೊಂಡಿದ್ದರೆ, ಹೇಗಿತ್ತು, ಜ್ವರ ಎಷ್ಟು ದಿನ ಇತ್ತು ಎಂದು ಇದ್ದದ್ದು ಇದ್ದಂತೆ ಅವರಿಗೆ ಹೇಳಿ. ಬೇರೆ ಕಾಯಿಲೆ ಇರುವವರು, ಮೊದಲು ಅಲರ್ಜಿ ಆಗಿರುವವರು ಹತ್ತಿರದ ವೈದ್ಯರನ್ನು ಕೇಳಿಯೇ ಹೋಗಲಿ.